ಏನು ಕದ್ದು ತಿಂದಿರಿ?

ಹಸಿರು ಪುಡಿಯ ಒಂದು ಡಬ್ಬಿಗೆ ಹದಿನಾಲ್ಕು ತಕ್ಕಡಿ.

ತಕ್ಕಡಿಯಕ್ಕ ಲೆಕ್ಕ ಹಾಕುತ್ತಿದ್ದುದೇ ಹಾಗೆ. ಹದಿನಾಲ್ಕು ತಕ್ಕಡಿಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಮುಳ್ಳು ಸರಿಯಾಗಿ ನಡುವೆ ನಿಲ್ಲುವಂತೆ ಮಾಡಿಕೊಟ್ಟರೆ ಬರುವ ಕೂಲಿ ಒಂದು ಡಬ್ಬಿ ಪುಡಿಗೆ ಸರಿಹೋಗುತ್ತಿತ್ತು. ಡಬ್ಬಿ ಇಪ್ಪತ್ತು ದಿನಕ್ಕೆ ಖಾಲಿ. ಮೈಗೆ ಹಚ್ಚುವ ಜೇಡಿಮಣ್ಣಿನ ಚೀಲಕ್ಕೆ ನಾಲ್ಕು ತಕ್ಕಡಿ. ಭಾನುವಾರದ ಸಭೆಯ ಚಂದಾಕ್ಕೆ ಎರಡು. ಇದಕ್ಕೆಲ್ಲ ಮುಂಚೆ ಅವಳ ಗಂಡ ಒಂಬತ್ತು ವರ್ಷ ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ತಿಂಗಳಿಗೆ ಹೋಗುತ್ತಿದ್ದುದು ಎರಡೂವರೆ ತಕ್ಕಡಿ.

ಖರ್ಚು ಹೆಚ್ಚಾಯಿತೆಂದು ಅವಳು ಗೊಣಗಿದವಳಲ್ಲ. ಗಂಡ ಗಟ್ಟಿಯಾಗಿ ಓಡಾಡಿಕೊಂಡಿರುವುದಾದರೆ ಇಡೀ ಪೇಟೆಯ ತಕ್ಕಡಿಗಳನ್ನು ಒಬ್ಬಳೇ ಉಜ್ಜಲು ಅವಳು ತಯಾರಿದ್ದಳು. ಆದರೆ ಅವಳ ಕೆಲಸವೇ ಅನುಮಾನದ ಕೆಲಸ. ತಕ್ಕಡಿ ರಿಪೇರಿಯವರ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವಳು ಕಲಿತದ್ದು ಒಂದೇ ಪಾಠ: ತಟ್ಟೆ ಎಷ್ಟೇ ಫಳಫಳ ಹೊಳೆಯಲಿ, ಮೊಹರು ಒತ್ತಿದ ತೂಕದ ಕಲ್ಲಿಟ್ಟು ನೋಡದೆ ಯಾವ ತಕ್ಕಡಿಯನ್ನೂ ನಂಬಬಾರದು.

ಅವಳ ಗಂಡನದು ಇನ್ನೂ ಒಂದು ಕೈ ಮೇಲು. ಪೇಟೆಯವರು ಅವನಿಗೆ ಗುಲಗಂಜಿ ಎಂದು ಹೆಸರಿಟ್ಟಿದ್ದರು. ಗುಲಗಂಜಿ ತೂಕದಷ್ಟೂ ಆಚೀಚೆ ಬಿಡುವವನಲ್ಲ ಎಂಬ ಕಾರಣಕ್ಕೆ. ಒಮ್ಮೆ ಮೀನಿನಂಗಡಿಯವನು ತನ್ನ ತಕ್ಕಡಿ ತಂದು, "ಅಣ್ಣ, ಸ್ವಲ್ಪ ನಮ್ಮ ಕಡೆ ವಾಲಿಸು, ನಿನಗೂ ಮೀನು ನನಗೂ ಮೀನು" ಎಂದಾಗ ಗುಲಗಂಜಿ ಆ ತಕ್ಕಡಿಯನ್ನು ಬೀದಿಗೆ ಎಸೆದಿದ್ದ. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದು, ನೆಗ್ಗಿದ ತಟ್ಟೆಯನ್ನು ಬಿಟ್ಟಿಯಾಗಿ ಸರಿಮಾಡಿಕೊಟ್ಟಿದ್ದ. ಅಂಥವನು.

ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ ಮತ್ತು ಅಡುಗೆಮನೆ. ಅದರ ಮೇಲಿನ ಒಂಟಿ ಕೋಣೆಯಲ್ಲಿ ಗುಲಗಂಜಿಯ ಅಕ್ಕ. ತಕ್ಕಡಿಯಕ್ಕ ಆಕೆಯನ್ನು ಅತ್ತಿಗೆ ಎಂದು ಕರೆಯುತ್ತಿದ್ದಳು. ಶಾಲೆಯೊಂದರಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು, ಹಿಂದೆ ಮುಂದೆ ಯಾರೂ ಇಲ್ಲದವಳು, ತಾಯಿ ಸತ್ತಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸೊಪ್ಪಿನ ರಸ, ಹಸಿರು ಪುಡಿಯಿಂದಲೇ ಎಲ್ಲ ಕಾಯಿಲೆ ವಾಸಿಮಾಡುತ್ತೇನೆ ಎನ್ನುತ್ತಿದ್ದ ರಸದ ಮೇಷ್ಟ್ರ ಭಾನುವಾರದ ಸಭೆಗೆ ಮೊದಲು ಹೋದವಳು ಅವಳೇ. ಮೂರು ತಿಂಗಳು ಸೊಪ್ಪು, ಹಸಿ ತರಕಾರಿ, ಬೆಳಗಿನ ನಡಿಗೆ ಮಾಡಿ ಎಂಟು ಕಿಲೋ ಇಳಿದಳು. ಮೆಟ್ಟಿಲು ಹತ್ತುವಾಗ ಹಿಡಿಯುತ್ತಿದ್ದ ಮಂಡಿ ಸಡಿಲವಾಯಿತು. ಆ ಮೇಲೆ ಅವಳಿಗೆ ಮೇಷ್ಟ್ರು ಹೇಳಿದ್ದೇ ವೇದ.

ಗುಲಗಂಜಿ ಅಲ್ಲಿಗೆ ಹೋದದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ವರ್ಷ ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಕಾದು ಒಳಗೆ ಹೋದಾಗ ಡಾಕ್ಟರಮ್ಮ ತಲೆ ಎತ್ತಲಿಲ್ಲ.

"ಸಕ್ಕರೆ ಜಾಸ್ತಿಯಾಗಿದೆ. ಇನ್ನೊಂದು ಮಾತ್ರೆ ಬರೆದಿದೀನಿ."

"ಊಟ ಏನಾದ್ರೂ ಬದಲಾಯಿಸ್ಬೇಕಾ ಡಾಕ್ಟ್ರೇ?"

"ಎಲ್ಲಾ ತಿನ್ನಿ, ಕಮ್ಮಿ ತಿನ್ನಿ. ಮುಂದಿನವರನ್ನ ಕಳಿಸಿ."

ಒಂದು ನಿಮಿಷವೂ ಆಗಲಿಲ್ಲ. ಅದೇ ಭಾನುವಾರ ರಸದ ಮೇಷ್ಟ್ರು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿದರು. ಯಾವ ಮಗ್ಗುಲಿಗೆ ಮಲಗುತ್ತೀರಿ, ಎಷ್ಟು ಸಲ ಅಗಿಯುತ್ತೀರಿ, ಸಿಟ್ಟು ಬಂದರೆ ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದೆಲ್ಲ ಕೇಳಿದರು. ಹಿಂದೆ ವಿಮೆ ಮಾಡಿಸುತ್ತಿದ್ದ ಮನುಷ್ಯ. ಕೇಳಿಸಿಕೊಳ್ಳುವುದು ಚೆನ್ನಾಗಿ ಗೊತ್ತಿತ್ತು. ಸಭೆ ನಡೆಯುವ ಹಾಲಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ನಿಮ್ಮ ದೇಹಕ್ಕೆ ನೀವೇ ಜವಾಬ್ದಾರರು.

ಈ ಮಾತಿನಲ್ಲಿ ತಪ್ಪೇನಿದೆ? ಏನೂ ಇಲ್ಲ. ತಕ್ಕಡಿಯಕ್ಕನೂ ಒಪ್ಪಿಕೊಂಡಳು. ಬಿಳಿ ಬ್ರೆಡ್ಡು, ಸಿಹಿ ಚಹಾ, ಕರಿದ ತಿಂಡಿ ಮನೆಯಿಂದ ಹೊರಟುಹೋದವು. ಗಂಡ ಹೆಂಡತಿ ಬೆಳಿಗ್ಗೆ ಕೆರೆಯವರೆಗೆ ನಡೆದರು. ಮೊದಲ ನಲವತ್ತು ದಿನದಲ್ಲಿ ಗುಲಗಂಜಿ ಎಪ್ಪತ್ತೆರಡು ಕಿಲೋದಿಂದ ಅರವತ್ತೇಳಕ್ಕೆ ಇಳಿದ. ಮುಖಕ್ಕೆ ಕಳೆ ಬಂತು. ರಕ್ತದ ಸಕ್ಕರೆಯೂ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಲವತ್ತೊಂದನೆಯ ದಿನ ಮಾತ್ರೆ ಬಿಡಬೇಕು ಎಂಬುದು ಸಭೆಯ ಪದ್ಧತಿ. ಮೇಷ್ಟ್ರ ಮೇಜಿನ ಮೇಲೆ ದೊಡ್ಡ ಗಾಜಿನ ಜಾಡಿ. ಸದಸ್ಯರು ತಮ್ಮ ಮಾತ್ರೆಗಳನ್ನು ಎಲ್ಲರೆದುರು ಅದರೊಳಗೆ ಸುರಿಯಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಗುಲಗಂಜಿ ಸುರಿದ. ಅತ್ತಿಗೆ ಕಣ್ಣೊರೆಸಿಕೊಂಡಳು. "ನಮ್ಮಮ್ಮ ಇದ್ದಿದ್ರೆ ಇವತ್ತು ಎಷ್ಟು ಖುಷಿ ಪಡ್ತಿದ್ಲು" ಎಂದಳು.

ಇನ್ನೊಂದು ಪದ್ಧತಿಯೂ ಇತ್ತು. ಪ್ರತಿ ಭಾನುವಾರ ಒಬ್ಬೊಬ್ಬರೇ ಎದ್ದುನಿಂತು ವಾರವಿಡೀ ತಿಂದದ್ದನ್ನು ಹೇಳಿ, ಕೊನೆಯಲ್ಲಿ "ನನ್ನ ಕಾಯಿಲೆ ನನ್ನದೇ ತಪ್ಪು" ಎನ್ನಬೇಕು. ನೋವು ಕಡಿಮೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ ಇಡೀ ಸಭೆ ಒಂದೇ ದನಿಯಲ್ಲಿ ಕೇಳುತ್ತಿತ್ತು: "ಏನು ಕದ್ದು ತಿಂದಿರಿ?" ಮೊದಮೊದಲು ಅದು ತಮಾಷೆಯಾಗಿಯೇ ಇತ್ತು. ಯಾರೋ ಮೊಮ್ಮಗನ ಬಿಸ್ಕತ್ತು, ಯಾರೋ ಮದುವೆಮನೆಯ ಸಿಹಿ ಒಪ್ಪಿಕೊಳ್ಳುತ್ತಿದ್ದರು, ನಗು, ಚಪ್ಪಾಳೆ. ಏನೂ ತಿನ್ನದವರು ಕೂಡ ನಿಂತುನಿಂತು ಸಾಕಾಗಿ ಏನೋ ಒಂದನ್ನು ಒಪ್ಪಿಕೊಂಡು ಕುಳಿತುಬಿಡುತ್ತಿದ್ದರು. ನೋಡನೋಡುತ್ತ ಆ ಪ್ರಶ್ನೆ ಹಾಲಿನಿಂದ ಬೀದಿಗೆ ಇಳಿಯಿತು. ನೆಗಡಿಯಾದವರನ್ನೂ ಯಾರೂ ಹೇಗಿದ್ದೀರಿ ಎಂದು ಕೇಳದಾದರು.

ಪುಸ್ತಕಕ್ಕೆ ರಟ್ಟು ಹಾಕುವವನೊಬ್ಬನಿದ್ದ, ಅವನಿಗೆ ರಕ್ತದೊತ್ತಡ. ಅವನೂ ಜಾಡಿಗೆ ಮಾತ್ರೆ ಸುರಿದಿದ್ದ. ಒಂದು ಮಧ್ಯಾಹ್ನ ಕಾಗದ ಕತ್ತರಿಸುವ ಮೇಜಿನ ಮೇಲೆಯೇ ಒರಗಿದವನು ಮೂರನೆಯ ದಿನ ತೀರಿಕೊಂಡ. ಅವನ ಜೇಬಿನಲ್ಲಿ ಉಪ್ಪುಕಡಲೆಯ ಪೊಟ್ಟಣ ಸಿಕ್ಕಿತಂತೆ ಎಂದು ಸಭೆಯಲ್ಲಿ ಸುದ್ದಿ. ತಕ್ಕಡಿಯಕ್ಕ ಮಾತಾಡಿಸಲು ಹೋದಾಗ ಅವನ ಹೆಂಡತಿಯ ಕೈ ಹಿಡಿದು, "ಪಾಪ, ನಾಲಿಗೆ ಹಿಡಿಯೋಕಾಗ್ಲಿಲ್ಲ ಅವರಿಗೆ" ಎಂದುಬಿಟ್ಟಳು. ಆ ಹೆಂಗಸು ಮೆಲ್ಲಗೆ ಕೈ ಬಿಡಿಸಿಕೊಂಡಳು.

ನಾಲ್ಕನೆಯ ತಿಂಗಳಿಗೆ ಗುಲಗಂಜಿಗೆ ಬಾಯಾರಿಕೆ ಶುರುವಾಯಿತು. ಹೂಜಿ ಹೂಜಿ ನೀರು ಕುಡಿದ. ಗಳಿಗೆಗೊಮ್ಮೆ ಬಚ್ಚಲಿಗೆ ಓಡಿದ. ತೂಕ ಇಳಿಯುತ್ತಲೇ ಹೋಯಿತು. ರಕ್ತಪರೀಕ್ಷೆ ಮಾಡಿಸೋಣ ಎಂದರೆ, "ಸೂಜಿ ಚುಚ್ಚಿಸಿಕೊಂಡ್ರೆ ನಂಬಿಕೆ ಇಲ್ಲ ಅಂತ ಅರ್ಥ" ಎಂದ. ಮೇಷ್ಟ್ರು ಸಂತೋಷಪಟ್ಟರು. "ಒಂಬತ್ತು ವರ್ಷದ ವಿಷ ಹೊರಗೆ ಹೋಗ್ತಾ ಇದೆ. ಹೋಗ್ಲಿ, ತಡೀಬೇಡಿ" ಎಂದರು.

"ಯಾವಾಗ ನಿಲ್ಲತ್ತೆ ಮೇಷ್ಟ್ರೇ?" ಎಂದು ಕೇಳಿದವಳು ತಕ್ಕಡಿಯಕ್ಕ.

"ಕೊಳೆ ಎಲ್ಲ ಹೋದ್ಮೇಲೆ ತೂಕ ಇಳಿಯೋದು ತಾನಾಗೇ ನಿಲ್ಲತ್ತಮ್ಮ. ನಿಲ್ಲಲಿಲ್ಲ ಅಂದ್ರೆ ಮನೆಯೊಳಗೆ ಕಳ್ಳತನ ನಡೀತಾ ಇದೆ ಅಂತ." ಹಾಗೆ ಹೇಳುವಾಗ ಅವರು ಗುಲಗಂಜಿಯನ್ನು ನೋಡಲಿಲ್ಲ, ಅವಳನ್ನು ನೋಡಿದರು.

ಅಂದಿನಿಂದ ಮನೆಯ ಗಾಳಿ ಕೆಟ್ಟಿತು. ಅತ್ತಿಗೆ ಮೇಲಿನಿಂದ ಇಳಿದು ಬಂದು ಅಡುಗೆಮನೆಯ ಕಸದ ಬುಟ್ಟಿ ಕೆದಕತೊಡಗಿದಳು.

"ಏನು ಹುಡುಕ್ತಿದೀರ ಅತ್ತಿಗೆ? ಹೇಳಿದ್ರೆ ನಾನೇ ತೆಕ್ಕೊಡ್ತೀನಿ."

"ಏನಿಲ್ಲಮ್ಮ. ನನ್ನ ತಮ್ಮನ ಜೀವ ಹುಡುಕ್ತಿದೀನಿ."

"ಅದು ಕಸದ ಬುಟ್ಟೀಲಿಲ್ಲ. ಕೆಳಗಡೆ ಅಂಗಡೀಲಿ ಬೆಸುಗೆ ಹಾಕ್ತಾ ಕೂತಿದೆ."

"ನಗು, ನಗು. ನಿನಗೆ ನಗೋಕೆ ಬರತ್ತೆ. ಗಂಡ ಅಂದ್ರೆ ಪ್ರೀತಿ ಅಂತ ಒಂದು ಚಮಚ ಸಕ್ಕರೆ ಹಾಕಿರ್ತೀಯ. ಪ್ರೀತೀಲೇ ಕೊಲ್ಲೋದು."

ಒಂದು ವಾರದ ನಂತರ ತಕ್ಕಡಿಯಕ್ಕ ಮನೆಗೆ ಬಂದವರ ಚಹಾಕ್ಕೆಂದು ಇಟ್ಟಿದ್ದ ಸಕ್ಕರೆ ಡಬ್ಬಿ ಎತ್ತಿಕೊಂಡಾಗ ಅದರ ತಳಕ್ಕೆ ಅಂಟಿಸಿದ ಸಣ್ಣ ಚೀಟಿ ಕಂಡಿತು. ಗಂಡನ ಅಕ್ಷರ. ಬೆಳಿಗ್ಗೆ ಇಷ್ಟು ಗ್ರಾಂ, ಸಂಜೆ ಇಷ್ಟು ಗ್ರಾಂ. ಎಂಟು ದಿನದ ತೂಕ. ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ಅವನು ದಿನಕ್ಕೆರಡು ಸಲ ಹೆಂಡತಿಯ ಸಕ್ಕರೆ ಡಬ್ಬಿಯನ್ನು ತೂಗುತ್ತಿದ್ದ.

ಅವಳು ಡಬ್ಬಿಯನ್ನು ಕೆಳಗೆ ತಂದು ಅವನ ಮುಂದೆ ಇಟ್ಟಳು. "ನನ್ನನ್ನೂ ತೂಗಿಬಿಡಿ. ಇಪ್ಪತ್ತೆರಡು ವರ್ಷದ್ದು, ಒಂದೇ ಸಲಕ್ಕೆ ಆಗಿಹೋಗ್ಲಿ."

ಗುಲಗಂಜಿ ತಲೆ ತಗ್ಗಿಸಿದ. "ನಿನ್ನ ಮೇಲಲ್ಲ ಕಣೇ. ಎಲ್ಲಾ ಕಡೆಯಿಂದ ನೋಡ್ಬೇಕಲ್ಲ. ತೂಕ ಇಳೀತಾನೇ ಇದೆ. ಎಲ್ಲಿ ಸೋರ್ತಿದೆ ಅಂತ ಗೊತ್ತಾಗ್ಬೇಕಲ್ಲ."

"ಎಲ್ಲಿ ಸೋರ್ತಿದೆ ಅಂತ ಹೇಳೋಕೆ ಒಬ್ರು ಡಾಕ್ಟ್ರಿದಾರೆ."

"ಆಯಮ್ಮ ನನ್ನ ಮುಖ ನೋಡಿದ್ಲೇನೇ?"

ಅವಳು ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮುಂದಿನ ಭಾನುವಾರದಿಂದ ತೂಕ ಇಳಿಯುವುದು ನಿಂತುಬಿಟ್ಟಿತು. ಅಂಗಡಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು. ಹಲಗೆಯ ಮೇಲೆ ನಿಂತು, ದಂಡಿಯ ಮೇಲಿನ ಗುಂಡನ್ನು ಜಾರಿಸಿ ನೋಡುವಂಥದ್ದು. ಸಭೆಗೆ ಹೊರಡುವ ಮುಂಚೆ ಗುಲಗಂಜಿ ಅದರ ಮೇಲೆ ನಿಂತು ತೂಕ ಬರೆದುಕೊಳ್ಳುತ್ತಿದ್ದ. ಅರವತ್ತೊಂದು. ಮತ್ತಿನ ವಾರವೂ ಅರವತ್ತೊಂದು. ಐದು ವಾರ ಅರವತ್ತೊಂದೇ. ಮೇಷ್ಟ್ರು ಅವನನ್ನು ಮುಂದೆ ಕರೆದು ನಿಲ್ಲಿಸಿದರು. "ಶುದ್ಧವಾದ ದೇಹ ಹೇಗಿರತ್ತೆ ನೋಡಿ" ಎಂದರು. ನಲವತ್ತು ಜನ ಚಪ್ಪಾಳೆ ತಟ್ಟಿದರು.

ಆ ಐದು ವಾರದಲ್ಲಿ ತಕ್ಕಡಿಯಕ್ಕ ಗಂಡನ ಬೆಲ್ಟಿಗೆ ಮೂರು ಹೊಸ ತೂತು ಕೊರೆದಳು. ಚಪ್ಪಾಳೆ ಒಂದು ಹೇಳುತ್ತಿತ್ತು, ಬೆಲ್ಟು ಇನ್ನೊಂದು.

ಅಷ್ಟರಲ್ಲಿ ಕಾಲು. ಬೆಸುಗೆ ಹಾಕುವಾಗ ಕಾದ ತವರದ ಹನಿಯೊಂದು ಅವನ ಬಲಗಾಲಿನ ಹೆಬ್ಬೆರಳಿನ ಪಕ್ಕದಲ್ಲಿ ಬಿತ್ತು. ಅವನಿಗೆ ಗೊತ್ತಾಗಲಿಲ್ಲ. ಚರ್ಮ ಸುಟ್ಟ ವಾಸನೆ ಅಂಗಡಿಯ ಆ ತುದಿಯಲ್ಲಿದ್ದ ಅವಳ ಮೂಗಿಗೆ ಬಡಿಯಿತು. ಓಡಿಬಂದು ನೋಡಿದರೆ ಅವನು ಏನೂ ಆಗದವನಂತೆ ತಂತಿ ಬಗ್ಗಿಸುತ್ತ ಕುಳಿತಿದ್ದ. ಮೇಷ್ಟ್ರು ಗಾಯಕ್ಕೆ ಜೇಡಿಮಣ್ಣಿನ ಪಟ್ಟಿ ಹೇಳಿದರು, ಬೆಳಗಿನ ಬಿಸಿಲು ಹೇಳಿದರು. "ನೋವಿಲ್ಲ ಅಂದ್ರೆ ಒಳ್ಳೇದೇ ಅಲ್ವೇನಮ್ಮ?" ಎಂದರು. ಪಟ್ಟಿ ಬಿಚ್ಚಿ ಕಟ್ಟುವುದನ್ನು ಅತ್ತಿಗೆಯೇ ವಹಿಸಿಕೊಂಡಳು. ಈ ಮನೆಯಲ್ಲಿ ಯಾರ ಕೈಯಿಂದ ವಿಷ ಹೋಗುತ್ತಿದೆಯೋ ಯಾರು ಬಲ್ಲರು ಎಂದು ಹೆಂಡತಿಯನ್ನು ಹತ್ತಿರ ಸೇರಿಸಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಗುಲಗಂಜಿ ಮಹಡಿಯಲ್ಲಿ ಕಾಲು ಚಾಚಿ ಬಿಸಿಲಿಗೆ ಕುಳಿತಿದ್ದಾಗ, ತಕ್ಕಡಿಯಕ್ಕ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡಳು. ಮೊಹರು ಒತ್ತಿದ ಇಪ್ಪತ್ತು ಕಿಲೋದ ಕಲ್ಲೊಂದನ್ನು ಎರಡೂ ಕೈಯಿಂದ ಎತ್ತಿ ದೊಡ್ಡ ತಕ್ಕಡಿಯ ಹಲಗೆಯ ಮೇಲಿಟ್ಟಳು. ಗುಂಡು ಜಾರಿಸಿದಳು. ದಂಡಿ ಸಮನಾಗಿ ನಿಂತದ್ದು ಇಪ್ಪತ್ತಮೂರಕ್ಕೆ.

ಕಣ್ಣು ಮಂಜಾಯಿತೇನೋ ಎಂದು ಸೆರಗಿನಿಂದ ಒರೆಸಿಕೊಂಡಳು. ಎರಡನೆಯ ಕಲ್ಲು ಇಟ್ಟಳು. ನಲವತ್ತಿರಬೇಕಾದದ್ದು ನಲವತ್ತಾರು.

ಗುಂಡನ್ನು ದಂಡಿಯಿಂದ ಕಳಚಿ ಬೋರಲು ಹಾಕಿದಳು. ತೂಕ ಸರಿಹೊಂದಿಸಲು ಗುಂಡಿನ ತಳದ ಗುಳಿಯಲ್ಲಿ ಸೀಸ ತುಂಬಿರುತ್ತಾರೆ. ಆ ಸೀಸವನ್ನು ಉಳಿಯಿಂದ ಕೆರೆದು ತೆಗೆದಿದ್ದರು. ಕೆರೆದ ಗೆರೆಗಳು ಇನ್ನೂ ಹೊಳೆಯುತ್ತಿದ್ದವು. ಹಗುರವಾದ ಗುಂಡು ದೂರಕ್ಕೆ ಜಾರುತ್ತದೆ, ಇಲ್ಲದ ತೂಕ ತೋರಿಸುತ್ತದೆ. ಮೀನಿನಂಗಡಿಯವನು ಬೇಡಿದ್ದೂ ಇದನ್ನೇ.

ಒಂದು ಚೀಟಿಯ ಹಿಂದೆ ಅವಳು ಲೆಕ್ಕ ಮಾಡಿದಳು. ಮೊದಲನೆಯ ವಾರ ಇಷ್ಟೇ ಕೆರೆದಿರಲಿಕ್ಕಿಲ್ಲ. ವಾರವಾರವೂ ಸ್ವಲ್ಪ ಸ್ವಲ್ಪ ಕೆರೆದಿರಬೇಕು. ಈ ಭಾನುವಾರದ ಅರವತ್ತೊಂದು ಎಂದರೆ ಐವತ್ತಮೂರು.

ಗುಲಗಂಜಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಾಗ ಅವಳು ಗುಂಡನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅವನು ನೋಡಿದ. ಅಲ್ಲೇ ನಿಂತ.

"ನಿಮ್ಮಪ್ಪ ಕೂತಿದ್ದ ಜಾಗದಲ್ಲಿ ಕೂತು ಇದನ್ನ ಮಾಡಿದ್ರಾ?" ಎಂದಳು. ದನಿ ಏರಿಸಲಿಲ್ಲ.

"ನಾನು ಮೋಸ ಮಾಡ್ಲಿಲ್ಲ ಕಣೇ." ಅವನು ಸ್ಟೂಲಿನ ಮೇಲೆ ಕುಸಿದ. "ನೀನೇ ಯೋಚನೆ ಮಾಡು. ನಾನು ಕದ್ದು ತಿಂದಿಲ್ಲ. ನೀನು ಸಕ್ಕರೆ ಹಾಕಿಲ್ಲ, ಅದನ್ನೂ ತೂಗಿ ನೋಡ್ದೆ. ಮೇಷ್ಟ್ರು ಸುಳ್ಳು ಹೇಳಲ್ಲ. ಆದ್ರೂ ತೂಕ ಇಳೀತಿದೆ. ಹಂಗಾದ್ರೆ ತಪ್ಪಿರೋದು ಎಲ್ಲಿ? ತಕ್ಕಡೀಲಿ ಅಲ್ವಾ? ಅದಕ್ಕೇ ರಿಪೇರಿ ಮಾಡ್ದೆ."

"ಕಲ್ಲಿಟ್ಟು ನೋಡಿದ್ರಾ?"

ಅವನು ಬಗ್ಗಿ ಕಾಲಿನ ಪಟ್ಟಿಯ ಗಂಟು ಬಿಗಿಮಾಡತೊಡಗಿದ.

"ಯಾರ ತಕ್ಕಡಿ ಬಂದ್ರೂ ಮೊದಲು ಕಲ್ಲಿಡ್ತೀರಲ್ಲ. ಇದಕ್ಕೆ ಇಟ್ರಾ?"

"ಇಡ್ಲಿಲ್ಲ." ಅವಳ ಮಡಿಲಿನ ಗುಂಡನ್ನು ನೋಡುತ್ತ ಹೇಳಿದ, "ಇಟ್ರೆ ಏನು ತೋರಿಸತ್ತೆ ಅಂತ ಗೊತ್ತಿತ್ತು."

ಬೀದಿಯವರೆಲ್ಲ ಮರ್ಯಾದೆಯಿಂದ ತಕ್ಕಡಿ ತಂದೊಪ್ಪಿಸುವ ಮನುಷ್ಯ, ನಲವತ್ತು ಜನರ ಮುಂದೆ ಕಳ್ಳನೆನಿಸಿಕೊಳ್ಳುವ ಹೆದರಿಕೆಗೆ ತನ್ನ ಕೈಯಾರೆ ಕಳ್ಳ ತಕ್ಕಡಿ ಮಾಡಿಕೊಂಡಿದ್ದ.

ಅವಳು ಎದ್ದು ಅವನ ಕಾಲಿನ ಪಟ್ಟಿ ಬಿಚ್ಚಿದಳು. ಒಣಗಿದ ಮಣ್ಣು ಚಕ್ಕೆಚಕ್ಕೆಯಾಗಿ ಉದುರಿತು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಕಪ್ಪಾಗಿದ್ದವು. ವಾಸನೆ ಬಂತು. ಅವಳು ಬೀದಿಗೆ ಹೋಗಿ ಬಾಡಿಗೆ ಗಾಡಿ ಕರೆದು ತಂದಳು.

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ? ಇನ್ನು ಹನ್ನೊಂದು ದಿನ ತಡೀಬೇಕು ಅಂದಿದಾರೆ ಮೇಷ್ಟ್ರು. ಪೂರ್ತಿ ಹೊರಗೆ ಬರೋ ಹೊತ್ತಲ್ಲಿ ಆಸ್ಪತ್ರೆಗೆ ಹೋದ್ರೆ ಒಳಗೇ ಮುಚ್ಚಿಬಿಡ್ತಾರೆ."

"ಅತ್ತಿಗೆ, ಬೆರಳು ನೋಡಿದೀರಾ?"

"ದಿನಾ ನೋಡ್ತಿದೀನಿ! ಕಪ್ಪು ವಿಷ ಅದು. ನನ್ನ ಮಂಡಿ ವಾಸಿ ಆಗ್ಲಿಲ್ವಾ? ನನ್ನ ಕಣ್ಣೆದುರಿಗೆ ಆಗಿದ್ದು ಸುಳ್ಳಾ?"

"ಸುಳ್ಳಲ್ಲ. ನೀವು ಇಳಿಸಿದ ಎಂಟು ಕಿಲೋ ನಿಜ, ನಿಮ್ಮ ಮಂಡಿ ನಿಜ. ಅದಕ್ಕೂ ಇವರ ಕಾಲಿಗೂ ಏನು ಸಂಬಂಧ?"

"ಮೊನ್ನೆ ಮೊನ್ನೆ ಬಂದೋಳು ನೀನು. ನಾನು ಅವನನ್ನ ಹೆತ್ತಿಲ್ಲ ಅನ್ನೋದೊಂದು ಬಿಟ್ರೆ..."

"ಅಕ್ಕಾ," ಎಂದ ಗುಲಗಂಜಿ, "ದಾರಿ ಬಿಡು."

ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ರಕ್ತದ ಸಕ್ಕರೆ ಇಳಿಸಿ, ಮೂರನೆಯ ದಿನ ಬಲಪಾದದ ಮುಂಭಾಗ ಕತ್ತರಿಸಿದರು. ಇನ್ನೊಂದು ವಾರವಾಗಿದ್ದರೆ ಮಂಡಿಯವರೆಗೆ, ಅದರ ಮೇಲೆ ಒಂದು ವಾರವಾಗಿದ್ದರೆ ನಮ್ಮ ಕೈಯಲ್ಲಿರುತ್ತಿರಲಿಲ್ಲ ಎಂದರು. ಕ್ಲಿನಿಕ್ಕಿನ ಡಾಕ್ಟರಮ್ಮ ಸುದ್ದಿ ಕೇಳಿ ನೋಡಲು ಬಂದರು. ಕಾಗದಗಳನ್ನೆಲ್ಲ ಓದಿ, "ಸೊಪ್ಪು ತಿನ್ನಿ, ನಡೀರಿ, ಸಿಹಿ ಬಿಡಿ, ಇದೆಲ್ಲ ನಾನೂ ಹೇಳೋದೇ. ಮಾತ್ರೆ ಜೊತೇಲಿ ಮಾಡ್ಬೇಕು. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ಕಮ್ಮಿಯಾದ್ರೆ ಮಾತ್ರೆ ನಾನೇ ಕಮ್ಮಿ ಮಾಡ್ತೀನಿ" ಎಂದರು.

"ಅವತ್ತು ಇಷ್ಟು ಹೇಳಿದ್ರೆ ಸಾಕಿತ್ತಲ್ಲ ಡಾಕ್ಟ್ರೇ" ಎಂದಳು ತಕ್ಕಡಿಯಕ್ಕ.

ಡಾಕ್ಟರಮ್ಮ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತರು. "ಹೌದು. ಸಾಕಿತ್ತು" ಎಂದರು.

ಊರ ಬಾಯಿಗೆ ಬೀಗವಿಲ್ಲ. ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ ಅವಳ ಬೆನ್ನ ಹಿಂದೆ ಅದೇ ಪ್ರಶ್ನೆ. ಚಪ್ಪಲಿಯಂಗಡಿಯವನು ಎದುರಿಗೇ ಕೇಳಿದ: "ಅಕ್ಕ, ಏನು ತಿಂದಿದ್ರಂತೆ ಯಜಮಾನರು?" ಅವಳು ಅವನಿಗೆ ಉತ್ತರ ಕೊಡದೆ ನೇರವಾಗಿ ರಟ್ಟಿನವನ ಹೆಂಡತಿಯ ಮನೆಗೆ ನಡೆದಳು.

ಆ ಹೆಂಗಸು ಅಂಟು ಕಾಯಿಸುತ್ತಿದ್ದಳು. ಗಂಡನ ಕೆಲಸವನ್ನು ಈಗ ಅವಳೇ ಮಾಡುತ್ತಿದ್ದಳು.

"ಅವತ್ತು ನಾನೊಂದು ಮಾತಂದೆ ನಿಮಗೆ" ಎಂದಳು ತಕ್ಕಡಿಯಕ್ಕ. "ಹಿಂದಕ್ಕೆ ತೊಗೊಳ್ಳೋಕೆ ಬಂದಿದೀನಿ."

ಅವಳು ಸೌಟು ತಿರುವುತ್ತಲೇ ಹೇಳಿದಳು: "ಅವರ ಜೇಬಲ್ಲಿ ಏನೂ ಇರಲಿಲ್ಲಮ್ಮ. ಮಣ್ಣು ಮಾಡಿ ಬಂದ ಮಾರನೇ ದಿನ ಒಗೆಯೋ ಬಟ್ಟೆ ಎಲ್ಲದರ ಜೇಬೂ ತಿರುವಿ ನೋಡಿದೆ. ಹೊಲಿಗೆ ಬಿಚ್ಚಿ ನೋಡಿದೆ. ಯಾಕೆ ಗೊತ್ತಾ? ನನಗೂ ಅನುಮಾನ ಬಂದಿತ್ತು. ಸತ್ತ ಗಂಡನ ಮೇಲೆ." ಸೌಟು ನಿಂತಿತು. "ಅಳೋಕೂ ಬಿಡ್ಲಿಲ್ಲ ನೋಡಿ ಅವರು ನನ್ನ."

ತಕ್ಕಡಿಯಕ್ಕ ಅವಳ ಪಕ್ಕದಲ್ಲಿ ಕುಳಿತಳು. ಅಂಟು ತಳ ಹಿಡಿಯಿತು.

ಶುಕ್ರವಾರ ಅತ್ತಿಗೆ ವಾರ್ಡಿಗೆ ಬಂದಳು. ತಮ್ಮನ ಕಾಲಿನ ಕಡೆ ನೋಡದೆ ತಲೆ ಸವರಿದಳು. ಅತ್ತಳು. ಅತ್ತಾದ ಮೇಲೆ ಅವನ ಕಿವಿಯ ಬಳಿ ಬಗ್ಗಿ, "ನನ್ನ ಹತ್ರ ಹೇಳು ತಮ್ಮ, ಮೇಷ್ಟ್ರಿಗೆ ಹೇಳಲ್ಲ. ಏನು ತಿಂದೆ?" ಎಂದಳು. ಅವನು ಕಣ್ಣು ಮುಚ್ಚಿದ. "ಎಲ್ಲರೂ ನಿನ್ನ ಥರ ಅಲ್ಲ" ಎಂದು ನಿಟ್ಟುಸಿರು ಬಿಟ್ಟಳು. "ಈ ಭಾನುವಾರ ಒಬ್ಬ ಹುಡುಗಿ ಸೂಜಿ ಬಿಡ್ತಾಳೆ. ಬಸ್ ಕಂಡಕ್ಟರ್ ಮಗಳು. ಆರು ವರ್ಷದಿಂದ ದಿನಾ ಚುಚ್ಚಿಕೊಳ್ತಿತ್ತು ಮಗು. ಹನ್ನೆರಡು ವರ್ಷಕ್ಕೆ ಎಂಥ ಧೈರ್ಯ!"

ಅವಳು ಹೋದ ಮೇಲೆ ಆ ಹುಡುಗಿ ಸೂಜಿ ಬಿಟ್ಟರೆ ಏನಾಗುತ್ತದೆ ಎಂದು ತಕ್ಕಡಿಯಕ್ಕ ನರ್ಸನ್ನು ಕೇಳಿದಳು. ನರ್ಸ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಮಕ್ಕಳಿಗೆ ಬರೋ ಆ ಕಾಯಿಲೇಲಿ ಇನ್ಸುಲಿನ್ ನಿಲ್ಲಿಸಿದ್ರೆ ತಿಂಗಳು ಗಿಂಗಳು ಏನಿಲ್ಲಮ್ಮ. ಕೆಲವೇ ದಿನ ಅಷ್ಟೇ."

ಗುಲಗಂಜಿ ಹಾಸಿಗೆಯ ಮೇಲೆ ಎದ್ದು ಕುಳಿತ. "ಭಾನುವಾರ ನನ್ನನ್ನ ಹಾಲಿಗೆ ಕರ್ಕೊಂಡು ಹೋಗ್ತೀಯಾ?"

ಡಾಕ್ಟರು ಬೈದರು, ಆಮೇಲೆ ಎರಡು ಗಂಟೆಯ ರಜೆ ಬರೆದುಕೊಟ್ಟರು. ರಟ್ಟಿನವನ ಹೆಂಡತಿ ಗಾಲಿಕುರ್ಚಿ ತಳ್ಳಿದಳು. ಮೇಷ್ಟ್ರು ನೋಡಿ ಎರಡೂ ಕೈ ಚಾಚಿದರು. "ಬಿದ್ದವರು ಎದ್ದು ಬಂದಿದಾರೆ. ಒಪ್ಪಿಕೊಳ್ಳೋಕೆ ಬಂದಿದಾರೆ. ಯಾರೂ ಬೈಬೇಡಿ. ಹೇಳಿ ಅಣ್ಣ, ಏನು ಕದ್ದು ತಿಂದಿರಿ?"

"ಕದ್ದಿದ್ದು ಹೌದು" ಎಂದ ಗುಲಗಂಜಿ. ಇಡೀ ಸಭೆ ಮುಂದಕ್ಕೆ ಬಾಗಿತು. "ಸೀಸ ಕದ್ದೆ. ನನ್ನ ತಕ್ಕಡಿಯ ಗುಂಡಿಂದ. ನೀವು ಐದು ವಾರ ಚಪ್ಪಾಳೆ ಹೊಡೆದ ಅರವತ್ತೊಂದು ಕಿಲೋ ಸುಳ್ಳು. ನಾನು ಐವತ್ತಮೂರಕ್ಕೆ ಇಳಿದಿದ್ದೆ. ಬಾಯಿಗೆ ಒಂದು ಕಾಳು ಸಕ್ಕರೆ ಹಾಕಿಲ್ಲ. ನೀವು ಹೇಳಿದ್ದನ್ನ ಒಂದೂ ಬಿಡದೆ ಮಾಡಿದೆ. ಮಾಡಿದ್ದಕ್ಕೇ ಇದು." ಹೊದಿಕೆ ಸರಿಸಿದ.

ಗುಜುಗುಜು ಎದ್ದಿತು. ಮೇಷ್ಟ್ರು ಕೈ ಎತ್ತಿದರು. "ದೇಹ ಸುಳ್ಳು ಹೇಳಲ್ಲ. ಎಲ್ಲೋ ಏನೋ ತಪ್ಪಿದೆ. ಮನಸ್ಸಲ್ಲಿ ಸಂಶಯ ಇದ್ರೂ ಅದು ವಿಷವೇ."

"ಮೇಷ್ಟ್ರೇ, ಒಂದು ಮಾತು" ಎಂದು ತಕ್ಕಡಿಯಕ್ಕ ಮುಂದೆ ಬಂದಳು. ಅವಳಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ಗಿರಾಕಿಗಳ ಜೊತೆ ಮಾತಾಡುವಂತೆಯೇ ಮಾತಾಡಿದಳು. "ವಾಸಿಯಾದ್ರೆ ನಿಮ್ಮ ರಸದಿಂದ. ಜಾಸ್ತಿಯಾದ್ರೆ ವಿಷ ಹೊರಗೆ ಹೋಗ್ತಿದೆ. ಸತ್ರೆ ಕದ್ದು ತಿಂದಿದ್ರು. ಏನೂ ತಿಂದಿಲ್ಲ ಅಂದ್ರೆ ಮನಸ್ಸಲ್ಲಿ ಸಂಶಯ. ಯಾವ ಭಾರ ಹಾಕಿದ್ರೂ ನಿಮ್ಮದು ಒಂದೇ ತೂಕ ತೋರಿಸತ್ತಲ್ಲ! ಅಂಥ ತಕ್ಕಡಿ ನಮ್ಮಂಗಡಿಗೆ ಬಂದ್ರೆ ರಿಪೇರಿಗೂ ತೊಗೊಳ್ಳಲ್ಲ, ಗುಜರಿಗೆ ಹಾಕ್ತೀವಿ. ದೇಹಕ್ಕೆ ನಾವೇ ಜವಾಬ್ದಾರರು ಅಂತ ಬರೆಸಿದೀರಿ, ಒಪ್ಕೊಂಡೆ. ಜವಾಬ್ದಾರಿ ಅಂದ್ರೆ ಪರೀಕ್ಷೆ ಮಾಡಿ ನೋಡೋದು, ಕೇಳೋದು. ನೀವು ಜವಾಬ್ದಾರಿ ಕೊಡ್ಲಿಲ್ಲ. ತಪ್ಪು ಮಾತ್ರ ನಮಗೆ ಹೊರಿಸಿದ್ರಿ."

"ನಿಮ್ಮ ದುಃಖ ಅರ್ಥ ಆಗತ್ತಮ್ಮ" ಎಂದರು ಮೇಷ್ಟ್ರು, ಮೆತ್ತಗೆ. "ಕೂತ್ಕೊಳ್ಳಿ."

ಗುಲಗಂಜಿ ಅವರ ಕಡೆ ನೋಡಲೇ ಇಲ್ಲ. ಮುಂದಿನ ಸಾಲಿನಲ್ಲಿ ಮಗಳ ಜೊತೆ ಕುಳಿತಿದ್ದ ಕಂಡಕ್ಟರನ ಹೆಂಡತಿಯ ಹತ್ತಿರ ಕುರ್ಚಿ ತಳ್ಳಿಸಿಕೊಂಡು ಹೋದ. ಹುಡುಗಿಯ ತೊಡೆಯ ಮೇಲೆ ಸೂಜಿಯ ಡಬ್ಬಿಯಿತ್ತು, ತುಟಿ ಒಣಗಿತ್ತು.

"ತಂಗೀ," ಎಂದ ತಾಯಿಗೆ, "ನನಗೆ ಹೆದರಿಕೆ ಇತ್ತು, ಅದಕ್ಕೇ ಸುಮ್ಮನಿದ್ದೆ. ನಾಚಿಕೆಯಾಗತ್ತೆ ಅಂತ 'ಒಲ್ಲೆ' ಅನ್ನದೆ ಇರ್ಬೇಡಮ್ಮ. ಇವತ್ತು ಬೆಳಿಗ್ಗೆ ಮಗೂಗೆ ಚುಚ್ಚಿದೀಯಾ?"

ತಾಯಿ ಮಗಳ ಕಡೆ ನೋಡಿದಳು. ಹುಡುಗಿಯೇ ಇಲ್ಲವೆಂದು ತಲೆಯಾಡಿಸಿದಳು.

ರಟ್ಟಿನವನ ಹೆಂಡತಿ ಬಗ್ಗಿ ಆ ತಾಯಿಗೆ ಏನೋ ಹೇಳಿದಳು. ಏನು ಹೇಳಿದಳೋ ತಕ್ಕಡಿಯಕ್ಕನಿಗೆ ಕೇಳಿಸಲಿಲ್ಲ. ತಾಯಿ ಮಗಳ ಕೈ ಹಿಡಿದು ಎದ್ದಳು. "ಕೂತ್ಕೊಳ್ಳಮ್ಮ, ಎಲ್ಲರೂ ನೋಡ್ತಿದಾರೆ" ಎಂದು ಯಾರೋ ಹಿಂದಿನಿಂದ ಸೆರಗು ಜಗ್ಗಿದರು. "ನೋಡ್ಲಿ" ಎಂದು ಅವಳು ಸೆರಗು ಕಿತ್ತುಕೊಂಡು ಬಾಗಿಲಿನ ಕಡೆ ನಡೆದಳು.

ಅಂದು ಹಾಲಿನಲ್ಲಿ ನಲವತ್ತಮೂರು ಜನರಿದ್ದರು. ಅವರ ಹಿಂದೆ ಎದ್ದು ಹೊರಬಂದವರು ಐದೇ ಮಂದಿ. ಅತ್ತಿಗೆ ಕುಳಿತೇ ಇದ್ದಳು. ಆ ತಿಂಗಳೇ ಕೋಣೆ ಖಾಲಿ ಮಾಡಿ ಹಾಲಿನ ಹತ್ತಿರ ಬಾಡಿಗೆಗೆ ಹೋದಳು, ತಮ್ಮನ ಜೊತೆ ಮಾತು ಬಿಟ್ಟಳು. ಸಭೆ ಈಗಲೂ ನಡೆಯುತ್ತದೆ. ಗುಲಗಂಜಿಯ ಬಲಗಾಲಿನ ಐದು ಬೆರಳೂ ಹೋದವು. ಅವನು ಸೊಪ್ಪು ತಿನ್ನುತ್ತಾನೆ, ಮಾತ್ರೆ ನುಂಗುತ್ತಾನೆ, ವಿಶೇಷ ಬೂಟು ಹಾಕಿಕೊಂಡು ಕೆರೆಯವರೆಗೆ ಅಲ್ಲದಿದ್ದರೂ ಬೀದಿಯ ತುದಿಯವರೆಗೆ ನಡೆಯುತ್ತಾನೆ. ಕಂಡಕ್ಟರನ ಮಗಳಿಗೆ ಈಗ ಹದಿನಾಲ್ಕು ವರ್ಷ. ಬದುಕಿದ್ದಾಳೆ.